ಇನ್ನೊಂದು ಮುದ್ದೆ

ಅಜ್ಜೀ,

ನೀನು ಸತ್ತು ಹನ್ನೊಂದು ವರ್ಷವಾಯಿತು. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಇವತ್ತು ಮಧ್ಯಾಹ್ನ ಸಾರಿಗೆ ಉಪ್ಪು ಕಮ್ಮಿ ಅಂತ ನನ್ನ ಗಂಡ ಶಶಿಧರ ತಟ್ಟೆಯನ್ನು ಗೋಡೆಗೆ ಎಸೆದ. ಜಡೆ ಹಿಡಿದೆಳೆದು ನನ್ನ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಅವನ ಕೈ ಸೇದ್ಹೋಗ! ಹುಬ್ಬು ಒಡೆದು ರಕ್ತ ಸುರಿಯಿತು. ಮತ್ತೆ ಹೊಡೆಯಲು ಮುದ್ದೆ ಕೋಲು ಎತ್ತಿದ್ದ. ಅಷ್ಟರಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹೊತ್ತು ಹೊರಟಿದ್ದ ನೆರೆಮನೆಯ ಚಿತ್ತಮ್ಮ ಬಾಗಿಲಲ್ಲಿ ನಿಂತು ನೀರು ಕೇಳಿದಳು. ಅವನ ಕೈ ಕೆಳಗಿಳಿಯಿತು. "ಬಾರಕ್ಕ, ಕುಂತ್ಕ. ಉಂಡ್ಕಂಡು ಹೋಗು" ಎಂದು ನಕ್ಕ.

ಸೆರಗಿನಿಂದ ಹುಬ್ಬು ಒತ್ತಿಕೊಂಡು ಬಡಿಸಿದೆ. ಅವಳು ನನ್ನನ್ನು ನೋಡಿ, ತಲೆ ಬಗ್ಗಿಸಿ ಉಂಡಳು.

ಆಗ ನಿನ್ನ ಪಡಸಾಲೆ ನೆನಪಾಯಿತು. ಬಳೆಗಾರ, ಪೋಸ್ಟಿನವನು, ದಾರಿಹೋಕರು, ಯಾರನ್ನೂ ನೀನು ಉಣ್ಣದೆ ಕಳಿಸುತ್ತಿರಲಿಲ್ಲ. ಬಿಸಿ ಮುದ್ದೆ, ಹುರುಳಿ ಸಾರು, ಹುಚ್ಚೆಳ್ಳು ಚಟ್ನಿ. "ಬೊಮ್ಮಕ್ಕನ ಮನೇಲಿ ಹಸ್ಕಂಡು ಹೋದೋರಿಲ್ಲ" ಎಂದು ಊರೆಲ್ಲ ಹೊಗಳುತ್ತಿತ್ತು. ಅವರ ಮುಂದೆ ತಾತ ಎಷ್ಟು ಮೆತ್ತಗೆ ಮಾತಾಡುತ್ತಿದ್ದ! ನಿನ್ನ ಸೊಟ್ಟ ಮಣಿಕಟ್ಟು ಮುದ್ದೆ ತಿರುವಿ ತಿರುವಿ ಹಾಗಾಗಿದ್ದು ಎಂದು ನೀನೇ ಅನ್ನುತ್ತಿದ್ದೆ.

ಚಿತ್ತಮ್ಮ ಏಳಹೊರಟಳು. ಬೇಡವೆಂದರೂ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ.

ನನಗೂ ಹಾಗೇ ಹಾಕುತ್ತಿದ್ದೆಯಲ್ಲ, "ಇನ್ನೊಂದ್ ತುತ್ತು ಉಣ್ಣು, ಇವತ್ತು ಇಲ್ಲೇ ಮಲ್ಕ ಮಗಾ" ಎಂದು ನನ್ನ ಲಂಗ ಹಿಡಿದುಕೊಂಡು. ನಾನು ಹೊಟ್ಟೆ ತುಂಬಿತೆಂದು ಕೊಸರಿಕೊಂಡು ನಮ್ಮ ಮನೆಗೆ ಓಡುತ್ತಿದ್ದೆ, ಅಜ್ಜೀ.