ಮಂಡಿ ಊರಿದರೆ ನೋಡು!

ತಮ್ಮಾ,

ಅರ್ಧ ಭೂಮಿಗೆ ಟೈಲ್ಸ್ ಹಾಕಿದವನು ನಾನು. ನನ್ನ ಮಂಡಿಗೆ ಒಂದು ಗೀರೂ ಬಿದ್ದಿಲ್ಲ. ನೀನು ಎರಡು ಬಚ್ಚಲುಮನೆ ಮುಗಿಸುವಷ್ಟರಲ್ಲಿ ಮಂಡಿಯನ್ನು ಕುಂಬಳಕಾಯಿ ಮಾಡಿಕೊಂಡೆ! ಚಿಪ್ಪಿನ ಮೇಲಿನ ನೀರಿನ ಚೀಲ ಊದಿದೆ, ಎರಡು ವಾರ ಮಂಡಿ ಊರಬೇಡ ಎಂದು ಡಾಕ್ಟರು ಹೇಳಿದ್ದು ಗೋಡೆಗೋ? ನಿನ್ನೆ ಮತ್ತೆ ಕೆಲಸಕ್ಕೆ ಹೋಗಿದ್ದೀಯ, ಕತ್ತೆ! ನಿನ್ನ ಕರಣೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೋ. ಮಂಡಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ತಕ್ಷಣ ಫೋನ್ ಮಾಡು.

ನಿನ್ನ ಅತ್ತಿಗೆ ಬೆನ್ನ ಹಿಂದೆ ನಿಂತು ಇದನ್ನು ಓದುತ್ತಿದ್ದಾಳೆ. "ಮೊದ್ಲು ನಿಮ್ಮ ಪ್ಯಾಂಟ್ ಮಡಚಿ ಆ ಹೊಲಿಗೆ ಗುರುತು ತೋರಿಸ್ರೀ" ಅಂತಾಳೆ.

ಸರಿ ಕಣೋ. ಹೋದ ವರ್ಷ ನಾಲ್ಕು ದಿನ ಮದುವೆಗೆ ಹೋಗಿದ್ದೆ ಅಂದದ್ದು ಸುಳ್ಳು. ನನ್ನ ಮಂಡಿಯ ಇದೇ ಚೀಲದಲ್ಲಿ ಕೀವು ತುಂಬಿ ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಮಂಡಿಗೆ ಪ್ಯಾಡ್ ಕಟ್ಟಿದ ನಿನ್ನನ್ನು 'ಅಜ್ಜಿ' ಎಂದು ಆಡಿಕೊಂಡು ಬಿಚ್ಚಿಸಿದವನೂ ನಾನೇ.