ಮೂವತ್ತು ನಕ್ಷತ್ರ

ಗಿಂಬಾಲ್, ಇಲೊಯಿಲೊ
ಫೆಬ್ರವರಿ ೧೨

ಪ್ರೀತಿಯ ನೆನಿತಾ,

ನಿನ್ನ ಸೊಂಟದ ನೋವು ಹೇಗಿದೆ? ಸಿಂಗಪುರದ ಆ ಹದಿನಾಲ್ಕನೇ ಮಹಡಿಯ ಕಿಟಕಿ ಒರೆಸುವಾಗ ಹುಷಾರು. ಪಾಸಿಂಗ್ ಅತ್ತೆ ನಿಮ್ಮ ಕಡೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಒಣಮೀನು ಕಳಿಸಿದ್ದೇನೆ. ನೀನೇ ತಿನ್ನು, ಆ ಮನೆಯವರಿಗೆ ಬಡಿಸಬೇಡ. ಈ ಮಾತನ್ನೆಲ್ಲ ಫೋನಿನಲ್ಲಿ ಆಡಿದರೆ ನಮ್ಮ ಜಿಂಕಿ ಕಿವಿಗೊಟ್ಟು ಕೂರುತ್ತಾಳೆ, ಅದಕ್ಕೇ ಕಾಗದ.

ಕ್ರಿಸ್ಮಸ್ ಆದಮೇಲೆ ನೀನೊಂದು ವಿಡಿಯೋ ಕಳಿಸಿದ್ದೆಯಲ್ಲ, ಅದರ ವಿಚಾರ. ಮಗಳು ಹಲ್ಲುಜ್ಜುವುದನ್ನು ಕಲಿಯಲಿ ಎಂದೇ ಕಳಿಸಿದ್ದೆ, ಒಪ್ಪಿದೆ. ಆದರೆ ನಿನ್ನ ಮಡಿಲಲ್ಲಿ ಬಾಯಿ ತೆರೆದು ಮಲಗಿದ್ದವಳು ನಿನ್ನ ಯಜಮಾನರ ನಾಲ್ಕು ವರ್ಷದ ಮಗಳು ಕೈಲಿನ್. "ಆ ಅನ್ನು ನನ್ನ ಮೊಸಳೆಮರಿ, ಒಳಗೆ ಯಾವ ಮೀನು ಸಿಕ್ಕೊಂಡಿದೆ ನೋಡೋಣ" ಅಂತ ಅವಳ ಗಲ್ಲ ಹಿಡಿದು ನಗುತ್ತಿದ್ದೆ. ಮೊಸಳೆಮರಿ ಅಂತ ನೀನು ಕರೆಯುತ್ತಿದ್ದದ್ದು ಜಿಂಕಿಯನ್ನಲ್ಲವೇ? ಅದನ್ನೂ ಅಲ್ಲಿಗೆ ಕೊಟ್ಟುಬಿಟ್ಟೆಯಾ?

ಜಿಂಕಿ ಅದನ್ನು ಮೂರು ಸಲ ನೋಡಿದಳು. ಆಮೇಲೆ ತನ್ನ ಬ್ರಷ್ಷನ್ನು ನೀರಿನ ಡ್ರಮ್ಮಿನ ಹಿಂದೆ ಎಸೆದಳು. ಎಂಟು ದಿನ ಮುಟ್ಟಲಿಲ್ಲ. ಕೆಳಗಿನ ದವಡೆಹಲ್ಲೊಂದು ಆಗಲೇ ಹುಳುಕಾಗಿ ನೋಯುತ್ತಿತ್ತು. ಅಪ್ಪನಾಗಿ ಬೈದರೆ, "ಎಲ್ಲಾ ಹುಳುಕಾಗ್ಲಿ ತಾತಾಯ್, ಆಗ ನಾನಾಯ್ ಬರ್ಲೇಬೇಕು, ಅಮ್ಮ ಅಲ್ವಾ" ಅಂದಳು. ಗಲ್ಲ ಹಿಡಿದು ನಾನೇ ಉಜ್ಜಲು ಹೋದೆ, ಬೆರಳು ಕಚ್ಚಿದಳು. ಇನ್ನೂ ಗುರುತಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಹೊಟ್ಟೆ ಉರಿಯಿತು. ನೀನು ನನ್ನೊಡನೆ ಹಾಗೆ ನಕ್ಕು ಎರಡು ವರ್ಷವಾಯಿತು. ನಾಲ್ಕು ವರ್ಷದ ಮಗುವಿನ ಮೇಲೆ ಅಸೂಯೆ ಪಡುವ ಗಂಡಸು ಈ ಊರಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೆ ದಾರಿಗೆ ತಂದದ್ದು ಶಾಲೆಯ ದಿವಿನಾ ಮೇಡಂ. ಅಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತು ಒಟ್ಟಿಗೇ ಹಲ್ಲುಜ್ಜುತ್ತಾರಲ್ಲ, ಅಲ್ಲಿ ಒಬ್ಬೊಬ್ಬರಿಗೂ ಮೂವತ್ತು ಮನೆಯ ಒಂದು ಹಾಳೆ ಕೊಟ್ಟರು. ಬೆಳಿಗ್ಗೆ, ಸಂಜೆ ಉಜ್ಜಿದ ದಿನ ಒಂದು ಮನೆಗೆ ಒಂದು ನಕ್ಷತ್ರ ಅಂಟಿಸಬೇಕು. "ಮೂವತ್ತೂ ತುಂಬಿತು ಅಂದ್ರೆ ನೀವು ದೊಡ್ಡೋರಾದ್ರಿ, ಹಲ್ಲುಜ್ಜೋಕೆ ಅಮ್ಮನ ಕೈ ಬೇಡ" ಅಂದರಂತೆ. ಅಂದಿನಿಂದ ನಾನು ಕರೆಯುವ ಮೊದಲೇ ಎದ್ದು ಮೇಲೆ, ಕೆಳಗೆ, ಒಳಗೆ, ನಾಲಿಗೆ ಸಮೇತ ಉಜ್ಜುತ್ತಾಳೆ. ನಾನು ಗೋಗರೆದರೂ ಆಗದ್ದು ಒಂದು ಹಾಳೆಯಿಂದ ಆಯಿತು, ಅದಕ್ಕೂ ನನಗೆ ಸ್ವಲ್ಪ ಉರಿಯೇ. ಹುಳುಕು ಹಲ್ಲಿಗೆ ಡಾಕ್ಟರು ಸಿಮೆಂಟು ತುಂಬಿದ್ದಾರೆ, ಅಳಲಿಲ್ಲ. ನಿನ್ನೆ ಮೂವತ್ತನೇ ನಕ್ಷತ್ರ ಬಿತ್ತು.

ನಿನ್ನ ಅಮ್ಮ ದಿನಾ ನಿನ್ನ ಹೆಸರಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ,
ಕಾರ್ಲಿಟೊ

ಮರೆತೆ: ಪಾಸಿಂಗ್ ಅತ್ತೆ ಈ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ಜಿಂಕಿ ಮೇಡಂ ಹತ್ತಿರ ಬೇಡಿ ತಂದದ್ದು. ಮೇಲೆ ಕೈಲಿನ್ ಅಂತ ತಾನೇ ಬರೆದಿದ್ದಾಳೆ. "ಅವಳ್ದೂ ತುಂಬಿದ್ರೆ ಅವಳಿಗೂ ನಾನಾಯ್ ಕೈ ಬೇಡ ಅಲ್ವಾ?" ಎಂದು ಕೇಳಿದಳು. ನಿನ್ನ ಕರಾರು ಇನ್ನೂ ಒಂದೂವರೆ ವರ್ಷ ಇದೆ ಎಂದು ಗೊತ್ತಿದ್ದೂ ಅಂಟು ತೆಗೆದುಕೊಟ್ಟೆ. ಬೇಗ ಆಗಲಿ ಎಂದು ತನ್ನ ಹಾಳೆಯಿಂದ ಒಂದು ನಕ್ಷತ್ರ ಕಿತ್ತು ಮೊದಲ ಮನೆಗೆ ಅಂಟಿಸಿದ್ದಾಳೆ. ಇನ್ನು ಇಪ್ಪತ್ತೊಂಬತ್ತೇ ಬೇಕಂತೆ.