ಅರವತ್ತೊಂದು ಟಿಕ್

ನವೆಂಬರ್ ೧೨, ಮಂಗಳವಾರ

ಮತ್ತೆ ೨೦೪ನೇ ಮನೆ. ಅಡಿಲೇಡ್‌ನಲ್ಲಿ ಬೇಸಿಗೆ ಶುರುವಾದ ಒಂದೇ ವಾರದಲ್ಲಿ ಆರನೆಯ ಸಲ. ಮಧ್ಯಾಹ್ನ ಎರಡೂವರೆಗೆ ಆಫೀಸಿನ ಪರದೆಯ ಮೇಲೆ, ಇಡೀ ಕಟ್ಟಡದ ಏಸಿ ನೋಡಿಕೊಳ್ಳುವ ಮಿಷಿನ್ನಿನ ಹಳದಿ ಪಟ್ಟಿ — ಮನೆಯೊಳಗೆ ಮೂವತ್ತೊಂದು ಡಿಗ್ರಿ, ಬಾಲ್ಕನಿ ಬಾಗಿಲು ತೆರೆದಿದೆ, ಹೋಗಿ ನೋಡಿ. ಈ ಸಲವೂ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ. ಮಂಡಿ ನೋವು ಬೇರೆ.

ಸ್ಲಾವ್ಕೊ ಬರಿಶಿಚ್ ಬಾಲ್ಕನಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತೊಂದು ವರ್ಷ, ಒಂಟಿ. ಕೆಳಗೆ ಅಂಗಳದಲ್ಲಿ ನಾಲ್ವರು ಮುದುಕರದು ಚೆಂಡು ಉರುಳಿಸುವ ಬೋಚೆ ಆಟ. ಸೊಂಟ ಕೈಕೊಟ್ಟ ಮೇಲೆ ಇವರದು ಮೇಲಿನಿಂದಲೇ ಅಂಪೈರ್ ಕೆಲಸ. ಯಾರ ಚೆಂಡು ಹತ್ತಿರ, ಯಾರದು ಮೋಸ — ಎಲ್ಲ ಕೂಗಿ ಹೇಳಬೇಕು.

"ಏನ್ ಹುಡುಗಿ, ನಿನ್ನ ಮಿಷಿನ್‌ಗೆ ಮತ್ತೆ ಸೆಕೆ ಆಯ್ತಾ?"

ನನಗೆ ಐವತ್ತೆಂಟು.

"ಬಾಗಿಲು ಹಾಕ್ಕೊಳ್ಳಿ ಸ್ಲಾವ್ಕೊ. ಏಸಿ ಗಾಳಿ ಎಲ್ಲ ಬೀದಿಪಾಲಾಗ್ತಿದೆ."

"ಹಾಕಿದ್ರೆ ಆ ಬ್ರೂನೊ ಹಾಡಹಗಲೇ ಮೋಸ ಮಾಡ್ತಾನೆ! ಕೂತ್ಕೊ, ಕಾಫಿ ಕುಡಿ."

ಕುಡಿದೆ. ಕಷಾಯದ ಹಾಗಿತ್ತು. ಕೆಳಗೆ ಬಂದು ಪರದೆಯ ಮೇಲೆ ಟಿಕ್ ಹಾಕಿದೆ: 'ನಿವಾಸಿಯನ್ನು ಕಂಡು ಕೇಳಿದೆ. ಇದು ಅವರದೇ ಇಷ್ಟ.'

ನವೆಂಬರ್ ೧೩

ಎರಡೂವರೆ. ೨೦೪. ಹೋಗಲಿಲ್ಲ. ಕಿಟಕಿಯಿಂದ ಕೂಗು ಕೇಳಿಸುತ್ತಿತ್ತು, ಉತ್ತರವೂ ಗೊತ್ತು. ಕೂತಲ್ಲೇ ಅದೇ ಟಿಕ್.

ಡಿಸೆಂಬರ್ ೯

ಊಟದ ಡಬ್ಬಿ ತೆರೆದದ್ದೇ ತಡ, ಹಳದಿ ಪಟ್ಟಿ. ಎಡಗೈಯಲ್ಲಿ ಸ್ಯಾಂಡ್‌ವಿಚ್, ಬಲಗೈಯಲ್ಲಿ ಟಿಕ್. ನೂರ ಹನ್ನೆರಡು ಮನೆಗೆ ನಾನೊಬ್ಬಳೇ ಮ್ಯಾನೇಜರ್. ದಿನಾ ಒಬ್ಬರ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂರಲಾಗುತ್ತದೆಯೇ?

ಜನವರಿ ೧೭

ಇವತ್ತು ಮಿಷಿನ್ ಕೇಳಲೇ ಇಲ್ಲ. ಎರಡೂವರೆ ಆಯಿತು, ಮೂರಾಯಿತು... ಪರದೆ ಖಾಲಿ. ಎಲೆಕ್ಟ್ರಿಷಿಯನ್ ಡೆಸ್ ಬಂದು ಒಳಗಿನ ಲೆಕ್ಕ ತೆಗೆದು ನೋಡಿದ.

"ಕಲಿತ್ಬಿಡ್ತು ಗ್ಲೆನಿಸ್. ೨೦೪ರ ಬಾಗಿಲು ತೆಗೆದಿದ್ರೆ ಮುದುಕನಿಗೆ ಸೆಕೆನೇ ಇಷ್ಟ ಅಂತ. ಆ ಮನೆ ತಂಪು ಕಮ್ಮಿ ಮಾಡಿ ಬೇರೆಯವ್ರಿಗೆ ಕೊಡುತ್ತೆ. ನಿನ್ನನ್ನೂ ಕಾಡಲ್ಲ."

"ಸದ್ಯ, ಪೀಡೆ ತೊಲಗ್ತು."

ಹಾಗೇ ಅಂದೆ.

ಫೆಬ್ರವರಿ ೪

ಅಡಿಲೇಡ್ ಕಾದ ಹಂಚು. ನಲವತ್ತನಾಲ್ಕು ಡಿಗ್ರಿ. ಇಡೀ ಊರಿಗೇ ಕರೆಂಟ್ ಸಾಲದು ಎಂದು ಬೆಳಿಗ್ಗೆಯೇ ಸಂದೇಶ. ಯಾವ ಮನೆಗೆ ಎಷ್ಟು ತಂಪು ಎಂದು ಮಿಷಿನ್ನೇ ನಿಮಿಷ ನಿಮಿಷಕ್ಕೂ ಹಂಚಿತು. ಒಂದೇ ಒಂದು ದೂರು ಇಲ್ಲ. ಹೆಡ್ ಆಫೀಸಿನ ಲೀ ಖುಷಿಯಾಗಿ ಕೇಕ್ ಕಳಿಸಿದ. ಮೂರು ಗಂಟೆಗೆ ಕಿಟಕಿಯಲ್ಲಿ ನಿಂತು ತಿಂದೆ. ಅಂಗಳದಲ್ಲಿ ನರಪಿಳ್ಳೆ ಇಲ್ಲ.

ಫೆಬ್ರವರಿ ೬

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಬ್ರೂನೊ ಬಂದು, ಸ್ಲಾವ್ಕೊ ಫೋನ್ ಎತ್ತುತ್ತಿಲ್ಲ ಎಂದ. ಡೆಸ್ ಜೊತೆ ಹೋಗಿ ಬಾಗಿಲು ತೆಗೆಸಿದೆ. ಬಾಲ್ಕನಿ ಹೊಸ್ತಿಲ ಮೇಲೆ ಬಿದ್ದಿದ್ದರು, ಜೀವ ಹೋಗಿತ್ತು. ಹಿಂದಿನ ದಿನ ಬಾಗಿಲು ಮುಚ್ಚಲು ಎದ್ದಿರಬೇಕು, ಸೊಂಟ ಮುರಿದಿದೆ. ಏಳಲಾಗಿಲ್ಲ. ಮಧ್ಯಾಹ್ನ ಒಂದು ಗಂಟೆಯಿಂದ ಮನೆ ಕಾದಿದೆ — ಮೂವತ್ತೈದು, ಮೂವತ್ತೆಂಟು, ನಲವತ್ತೊಂದು. ಎಲ್ಲ ದಾಖಲಾಗಿದೆ. ಬಾಗಿಲು ತೆರೆದಿದೆ, ಅವರದೇ ಇಷ್ಟ ಎಂದು ಮಿಷಿನ್ ಸುಮ್ಮನಿತ್ತು.

ಅಂಗಳದಲ್ಲಿ ಆಟವಿಲ್ಲ, ಹಾಗಾದರೆ ಬಾಗಿಲೇಕೆ ತೆರೆದಿದೆ? ಆಟಕ್ಕಾಗಿಯೇ ಬಾಗಿಲು ತೆರೆಯುತ್ತಿದ್ದರು ಎಂದು ಮಿಷಿನ್ನಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಅದು ಕೇಳಿದ್ದರೆ ಓಡಿ ಹೋಗುತ್ತಿದ್ದೆ. ಕೇಳಬೇಡ ಎಂದು ಕಲಿಸಿದವಳು ನಾನೇ.

ಫೆಬ್ರವರಿ ೧೩

ಮಗಳು ವೆಸ್ನ ಪರ್ತ್‌ನಿಂದ ಬಂದಳು. ನಲವತ್ತರ ಆಸುಪಾಸು. ಅಪ್ಪನದೇ ಮೂಗು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಲೀ ಕೊಟ್ಟ, ನನ್ನ ಟಿಕ್‌ಗಳ ದಾಖಲೆ ಹಿಡಿದಿದ್ದಳು.

"ಅರವತ್ತೊಂದು ಸಲ, ಗ್ಲೆನಿಸ್. ಅಷ್ಟು ಸಲ ನೀವು ಮೇಲೆ ಹೋಗಿ ಅಪ್ಪನ್ನ ನೋಡಿದೀರಿ. ನಾನು ಭಾನುವಾರ ಮಾತ್ರ ಫೋನ್ ಮಾಡ್ತಿದ್ದೆ. ಅದೂ ಹತ್ತೇ ನಿಮಿಷ."

ಕುರ್ಚಿ ಎಳೆದು ಕೊಟ್ಟೆ.

"ಏನ್ ಮಾತಾಡ್ತಿದ್ರು ಅಪ್ಪ? ದಿನಾ?"

"ಬೋಚೆ..." ಎಂದೆ. "ಬ್ರೂನೊ ಮೋಸ ಮಾಡ್ತಾನೆ ಅಂತ."

ನಗುತ್ತಾ ಅತ್ತಳು. ನಾನು ಇನ್ನೂ ಹೇಳಿದೆ. ಆರು ದಿನದ ಮಾತನ್ನು ಎರಡು ತಿಂಗಳಿಗೆ ಎಳೆದು ಎಳೆದು ಹೇಳಿದೆ.

"ಒಂಟಿಯಾಗಿದ್ರು ಅಂತ ನಿದ್ದೆ ಬರ್ತಿರ್ಲಿಲ್ಲ ನಂಗೆ. ಈಗ ಒಂಚೂರು ಸಮಾಧಾನ ಆಯ್ತು," ಎಂದು ತಬ್ಬಿಕೊಂಡಳು.

ನಾನೂ ತಬ್ಬಿಕೊಂಡೆ. ಥೂ.

ಫೆಬ್ರವರಿ ೨೦

ಸಾವಿನ ವಿಚಾರಣೆಗೆ ಕೊಡುವ ಹೇಳಿಕೆಯನ್ನು ಲೀ ತಾನೇ ಬರೆದು ತಂದ. 'ಅರವತ್ತೊಂದು ಬಾರಿ ಖುದ್ದಾಗಿ ವಿಚಾರಿಸಲಾಗಿದೆ. ಪ್ರತಿ ಬಾರಿಯೂ ನಿವಾಸಿಯು ಬಾಗಿಲು ತೆರೆದಿಡುವುದನ್ನೇ ಬಯಸಿದ್ದಾರೆ.' ಅಂದರೆ ಸಾವು ಮುದುಕ ತಾನೇ ತಂದುಕೊಂಡದ್ದು.

"ಕೆಳಗೆ ಒಂದು ಸಹಿ ಹಾಕು ಗ್ಲೆನ್. ನಿನ್ ಮೇಲೂ ಏನೂ ಬರಲ್ಲ, ಮಿಷಿನ್ ಮೇಲೂ ಬರಲ್ಲ. ಮಾರ್ಚ್ ಮೂರರಿಂದ ಇದು ಕಲಿತಿದ್ದನ್ನೇ ಇನ್ನೂ ನಾಲ್ಕು ಕಟ್ಟಡಕ್ಕೆ ಹಾಕ್ತಿದೀವಿ."

"ಎಲ್ಲಾನೂ?"

"ಎಲ್ಲಾನೂ. ಬಾಗಿಲು ತೆಗೆದಿಡೋ ವಯಸ್ಸಾದವ್ರು ಎಲ್ಲಾ ಕಡೆ ಇರ್ತಾರಲ್ಲ?"

ಸೋಮವಾರ ಕೊಡುತ್ತೇನೆ ಎಂದೆ. ಲೀ ಹೋದ ಮೇಲೆ ಡೆಸ್‌ಗೆ ಎಲ್ಲ ಹೇಳಿದೆ.

"ನಾನೂ ಎಷ್ಟೋ ಟಿಕ್ ಹಾಕಿದೀನಿ," ಎಂದ. "ಆದ್ರೆ ಆ ಹೆಣ್ಣುಮಗಳಿಗೆ ಹೇಳ್ಬೇಡ ಮಾರಾಯ್ತಿ. ಅವಳಿಗೆ ಉಳಿದಿರೋದು ಅದೊಂದೇ."

ಫೆಬ್ರವರಿ ೨೩, ಭಾನುವಾರ

ವೆಸ್ನ ಅಪ್ಪನಿಗೆ ಫೋನ್ ಮಾಡುತ್ತಿದ್ದ ದಿನ. ಇಡೀ ದಿನ ಅಡುಗೆಮನೆಯಲ್ಲೇ ಕೂತಿದ್ದೆ.

ಫೆಬ್ರವರಿ ೨೪, ಬೆಳಿಗ್ಗೆ ೯

ಲೀ ಬರೆದ ಹಾಳೆ ಹರಿದೆ. ಹನ್ನೊಂದಕ್ಕೆ ವಿಚಾರಣೆಯವರ ಮುಂದೆ ನನ್ನದೇ ಹೇಳಿಕೆ. ಕೆಲಸ ಹೋದರೆ ಹೋಗಲಿ. ಆ ನಾಲ್ಕು ಕಟ್ಟಡಕ್ಕೆ ನನ್ನ ಸುಳ್ಳು ಹೋಗಬಾರದು.

ವೆಸ್ನಗೆ ಅದು ಬೇರೆಯವರಿಂದ ಗೊತ್ತಾಗುವುದು ಬೇಡ. ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ಇಲ್ಲಿ ಬರೆದುಕೊಂಡು, ನೋಡಿಕೊಂಡೇ ಹೇಳುತ್ತೇನೆ —

ವೆಸ್ನ, ನಾನು ಗ್ಲೆನಿಸ್. ನಿಮ್ಮಪ್ಪನ್ನ ನೋಡೋಕೆ ನಾನು ಹೋಗಿದ್ದು ಆರು ಸಲ. ಉಳಿದ ಐವತ್ತೈದು ಸಲ ಅವರು ಒಬ್ಬರೇ ಇದ್ರು. ನಾನು ಕೆಳಗೆ ಕೂತೇ ಟಿಕ್ ಹಾಕ್ತಿದ್ದೆ.